ಒಂಟಿಯಂಗಡಿಯಲ್ಲಿ ಒಂದು ನಟ್ಟು

ಬಿಗಿಯಾಗಲೂ ಒಲ್ಲದು, ಕಳಚಲೂ ಒಲ್ಲದು.
ಕೀ ಹಾಕಿ ತಿರುಗಿಸಿದಷ್ಟೂ ತಿರುಗುತ್ತದೆ ಸ್ಕ್ರೂ,
ಅದರ ಜೊತೆಗೇ ಪೈಪಿನೊಳಗಿನ ನಟ್ಟೂ,
ಮೊದಲ ಮೊಟ್ಟೆಗೆ ಜಾಗ ಹುಡುಕುವ ಹ್ಯಾಟೆಯ ಹಾಗೆ
ಅಲ್ಲಲ್ಲೇ ಸುತ್ತಿ, ಎಲ್ಲೂ ಕೂರದೆ.

ನನ್ನ ಸೈಕಲ್ಲಿನ ಆ ಹಿಡಿಕೆಯಲ್ಲಿ ನೀರಿನ ಬಾಟಲಿ ಇರುವುದಿಲ್ಲ.
ಬಾಯಾರಿದರೆ ಯಾರ ಮನೆಯಲ್ಲೂ ನೀರುಂಟು.
ಅಲ್ಲಿರುವುದು ಫ್ಲಾಸ್ಕು. ಅದರೊಳಗೆ ಐಸು,
ಐಸಿನ ನಡುವೆ, ಕಿರುಬೆರಳುದ್ದದ ಸೀಸೆಯಲ್ಲಿ
ನೂರು ಕೋಳಿಗಳು ದಾಟಬೇಕಾದ ಮಳೆಗಾಲ.

ಸೋಮವಾರ ಕಣ್ಣಂಗಾಲದ ಇಳಿಜಾರಿನಲ್ಲಿ
ಹಿಡಿಕೆ ಓರೆಯಾಗಿ, ಫ್ಲಾಸ್ಕು ಹಾರಿ ಕಲ್ಲಿಗೆ ಬಡಿಯಿತು.
ಒಡೆದದ್ದು ಒಳಗೆ. ಹೊರಗೆ ಒಂದು ಗೀರೂ ಇಲ್ಲ.
ಎತ್ತಿ ಅಲುಗಿಸಿದಾಗಲೇ ಗಾಜು ಝಲ್ಲೆಂದದ್ದು.
ನಸುಕಿನಲ್ಲೇ ಬುಟ್ಟಿ ಕವುಚಿ
ಕೋಳಿ ಕೂಡಿಟ್ಟು ಕಾದಿದ್ದ ಅಲೀಮುಮ್ಮ
ಏನೂ ಅನ್ನಲಿಲ್ಲ. ಬುಟ್ಟಿ ಎತ್ತಿದರು, ಅಷ್ಟೆ.
ಹನ್ನೊಂದು ಹೇಂಟೆ, ಒಂದು ಹುಂಜ,
ದಿಕ್ಕಿಗೊಂದು ಓಡಿದವು.

ಹಳೇ ಟ್ಯೂಬಿನ ಪಟ್ಟಿ ಸುತ್ತಿ ನೋಡಿದೆ. ಎಂ-ಸೀಲ್ ಮೆತ್ತಿದೆ.
'ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದ್ದೀಯ, ದೇಚು'
ಎಂದ ಲಾಜರ್.
ಅವನದು ಸೈಕಲ್ ಅಂಗಡಿಯಲ್ಲ;
ಸ್ಪ್ರೇಯರು, ಕಳೆ ಕೊಯ್ಯುವ ಮಿಶನ್ನು, ಕಾಫಿ ಪಲ್ಪರಿನ ಹಲ್ಲು.
ಪೈಪಿಗೆ ಉಗುರು ಬಡಿದು ಕಿವಿಗೊಟ್ಟ.
'ತೆಳ್ಳಗಿನ ಅಲ್ಯುಮಿನಿಯಂ. ಥ್ರೆಡ್ ಕೊರೆಯಲು ಮೈಯೇ ಇಲ್ಲ.
ಅದಕ್ಕೇ ಈ ನಟ್ಟು. ಹೊರಗೆ ಅಂಚು, ಒಳಗೆ ಹೊಟ್ಟೆ.
ಹೊಟ್ಟೆ ಕರಗಿದೆ.'

ಅಂಚನ್ನು ಇಕ್ಕಳದಲ್ಲಿ ಕಚ್ಚಿಸಿ ಎಳೆದ. ಬರಲಿಲ್ಲ.
ಯಾರನ್ನೋ ಮಲಯಾಳದಲ್ಲಿ ಬೈದ. ಆಗಲೂ ಬರಲಿಲ್ಲ.
ಡ್ರಿಲ್ ಇಟ್ಟ. ಬೆಳ್ಳಿ ಸುರುಳಿ ನನ್ನ ಸೆರಗಿಗೆ ಸಿಡಿದು
ಅಂಚು ಕಿತ್ತು ಹಾರಿತು; ಉಳಿದದ್ದು
ಪೈಪಿನ ಕತ್ತಲಿಗೆ ಟಣ್ಣನೆ ಬಿತ್ತು.
ಸೈಕಲ್ಲನ್ನು ತಲೆಕೆಳಗು ಮಾಡಿ ಕೊಡವಿದೆವು.
ಹೋದ ವರ್ಷದ ನೀರು ಒಂದು ಗುಟುಕು,
ಗೆದ್ದಲು ಹುಳದ ರೆಕ್ಕೆ, ಜೇಡನ ಬಲೆಯ ಚೂರು.
ನಟ್ಟು ಮಾತ್ರ ಬರಲಿಲ್ಲ.
'ಇರಲಿ ಬಿಡು. ಒಬ್ಬಳೇ ಓಡಾಡುತ್ತೀಯ, ಮಾತಿಗಾಯಿತು.'

ಹೊಸ ನಟ್ಟಿತ್ತು. ಕೂರಿಸುವ ಉಪಕರಣ ಇರಲಿಲ್ಲ.
ಡಬ್ಬ ಸುರಿದು ಹೆಕ್ಕಿದ: ಒಂದು ಉದ್ದ ಬೋಲ್ಟು,
ಒಂದು ದಪ್ಪ ನಟ್ಟು, ಎರಡು ವಾಷರು, ನಡುವೆ ಗ್ರೀಸು.
'ಬೋಲ್ಟು ಅಲುಗಬಾರದು. ನೀನು ಹಿಡಿ. ನಾನು ನಟ್ಟು ತಿರುಗಿಸುತ್ತೇನೆ.'
ಹಿಡಿದೆ, ಸೂಜಿ ಚುಚ್ಚುವಾಗ ಕರುವಿನ ಕಿವಿ ಹಿಡಿಯುವಂತೆ,
ನೋಯದಷ್ಟು, ತಪ್ಪಿಸಿಕೊಳ್ಳದಷ್ಟು.
ಕಾಲು ಸುತ್ತು. ಮತ್ತೆ ಕಾಲು ಸುತ್ತು.
ಮೊದಲು ಏನೂ ಇಲ್ಲ.
ಆಮೇಲೆ ಸ್ಪಾನರಿನಿಂದ ಅಂಗೈಗೆ ಒಂದು ಬಿಗಿ ಹತ್ತಿತು.
ಒಳಗೆಲ್ಲೋ ನನಗೂ ಅವನಿಗೂ ಕಾಣದ ಕಡೆ
ಲೋಹ ಮೆಲ್ಲಗೆ ಮಡಿಸಿ, ಹೊಟ್ಟೆ ಹರಡಿ,
ಕಾವಿಗೆ ಕೂತ ಕೋಳಿಯ ಹಾಗೆ ಕೂತಿತು.
ಇನ್ನೊಂದು ಸುತ್ತು ಅಂದೆ ನಾನು.
'ಸಾಕು. ಇನ್ನು ಬಿಗಿದರೆ ಹರಿಯುತ್ತದೆ.'
ಬಿಗಿಯುವ ಆಸೆ ಎಲ್ಲರಿಗೂ ಇರುತ್ತದೆ;
ಅವನ ಕೂಲಿ, ಆ 'ಸಾಕು' ಎಂಬುದಕ್ಕೆ.
ನಲವತ್ತು ರೂಪಾಯಿ. ಚಿಲ್ಲರೆ ಇಲ್ಲವೆಂದು
ನಾನು ಹೋಗಿ ಎರಡು ಟೀ ತಂದೆ.

ಶುಕ್ರವಾರ ಮತ್ತದೇ ಇಳಿಜಾರು. ಹೊಸ ಫ್ಲಾಸ್ಕು.
ಹಿಡಿಕೆ ಮಿಸುಕಲಿಲ್ಲ. ಹಳೇ ನಟ್ಟು ಮಾತ್ರ
ಪೈಪಿನುದ್ದಕ್ಕೂ ಓಡಿಯಾಡುತ್ತ ಕಿಣಿ ಕಿಣಿ,
ಬ್ರೇಕ್ ಹಿಡಿದಾಗೆಲ್ಲ ಮುಂದಕ್ಕೆ ಬಂದು ಇಣುಕಿದಂತೆ.
ತಿರುವಿನಲ್ಲೇ ಸದ್ದು ಕೇಳಿ ಅಲೀಮುಮ್ಮ
ಅಂಗಳಕ್ಕೆ ಬಂದು ನಿಂತಿದ್ದರು.
ಬುಟ್ಟಿ ಕವುಚಿಯೇ ಇತ್ತು.
ಒಂದೊಂದಾಗಿ ಎತ್ತಿ ಕೊಟ್ಟರು;
ಕಣ್ಣಿಗೊಂದು ಹನಿ, ರೆಪ್ಪೆ ಬಡಿಯುವ ತನಕ ಕಾದು, ಬಿಟ್ಟೆ.
ಹನ್ನೊಂದು.

ಹುಂಜ ನಂಬಿರಲಿಲ್ಲ.
ಹಂಚಿನ ತುದಿಯಲ್ಲಿ ನಿಂತು
ಸೈಕಲ್ಲನ್ನೇ ನೋಡುತ್ತಿತ್ತು.